ಗಂಡಸರ ಕೂಟದಲ್ಲಿ ಮಗು ಅತ್ತ ದಿನ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ತಿಂಗಳಿಗೊಮ್ಮೆ, ಆರಾಧನೆ ಮುಗಿದ ಮೇಲೆ, ಗಂಡಸರ ಕೂಟ ನಡೆಯುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಠಾಣೆ ಪಟ್ಟಣದಲ್ಲಿ ನಾನು ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದು ನಾಲ್ಕು ತಿಂಗಳಾಗಿತ್ತು. ಹೆಂಡತಿ ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳು ಬೆಳಗಿನ ಲೋಕಲ್ ರೈಲು ಹಿಡಿದರೆ ಎಂಟು ತಿಂಗಳ ಮಗಳು ನನ್ನ ಪಾಲಿಗೆ. ನಾವಿದ್ದ ಚಾಳಿನಲ್ಲಿ, ಹತ್ತಾರು ಮನೆಗಳಿಗೆ ಒಂದೇ ಆಗಿದ್ದ ನಲ್ಲಿಯ ಮುಂದೆ ಹೆಂಗಸರ ಸಾಲಿನಲ್ಲಿ ನಿಂತು, ಮಗುವಿನ ಬಟ್ಟೆ ಒಗೆಯುವುದನ್ನು ಕಲಿತೆ. ರಾಯಚೂರಿನಲ್ಲಿದ್ದ ನನ್ನಪ್ಪ ನೋಡಿದ್ದರೆ ಮುಖ ತಿರುಗಿಸುತ್ತಿದ್ದ.

ಆ ಭಾನುವಾರ ಅವಳಿಗೆ ಡ್ಯೂಟಿ ಇತ್ತು. ಮಗುವನ್ನು ಎತ್ತಿಕೊಂಡೇ ಕೂಟಕ್ಕೆ ಹೋದೆ. ಅಂದು ಮಾತನಾಡಿದವರು ಸಭೆಯ ಹಿರಿಯರು. ಉಡುಪಿ ಕಡೆಯವರು, ದೊಡ್ಡ ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ದೇವರು ಗಂಡಸನ್ನು ಹಂತ ಹಂತವಾಗಿ ಬೆಳೆಸುತ್ತಾನೆ ಎಂದರು. ಬಾಲಕ ವಿಧೇಯನಾಗಬೇಕು, ಯುವಕ ದುಡಿಯಬೇಕು, ಗಂಡ ಮನೆಗೆ ತಲೆಯಾಗಬೇಕು, ಮುದುಕ ಬುದ್ಧಿ ಹೇಳಬೇಕು. ಅಷ್ಟರಲ್ಲಿ ಮಗು ಅತ್ತಿತು. ಚೀಲದಿಂದ ಹಾಲಿನ ಬಾಟಲಿ ತೆಗೆದೆ.

ಅವರು ಮಾತು ನಿಲ್ಲಿಸಿದರು. "ಇದು ಯಾವ ಹಂತ ಮಾರಾಯ? ಹೆಂಡತಿ ದುಡಿಯುವುದು, ಗಂಡ ಬಾಟ್ಲಿ ಹಿಡಿಯುವುದು! ಸತ್ಯವೇದದಲ್ಲಿ ಇಂಥದ್ದು ಎಲ್ಲಿ ಉಂಟು?"

ಎಲ್ಲರೂ ನಕ್ಕರು. ನನ್ನ ಜೊತೆಗೇ ಕೆಲಸ ಕಳೆದುಕೊಂಡ ಇಬ್ಬರೂ ನಕ್ಕರು. ಆ ನಗು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ.

ಸಂಜೆ ಹೆಂಡತಿ ಬಂದು, ಊದಿದ ಪಾದ ಒತ್ತಿಕೊಳ್ಳುತ್ತಾ ಊಟಕ್ಕೆ ಕೂತಳು. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದಳು, ಅಷ್ಟೇ. ಅವಳ ಮುಂದಿದ್ದ ತಟ್ಟೆ ಎತ್ತಿ ಗೋಡೆಗೆ ಎಸೆದೆ.

"ನೀ ದುಡದು ಬರ್ತಿ ಅಂತ ಸೊಕ್ಕೇನು? ನಿನ್ನ ಸಲುವಾಗಿ ಮಂದಿ ನನ್ನ ನೋಡಿ ನಗ್ತಾರ!"

ಮಗು ಬೆಚ್ಚಿ ಕಿರುಚಿತು. ಅವಳು ಎತ್ತಿಕೊಂಡು, ನನ್ನನ್ನೇ ನೋಡುತ್ತಾ ಕೇಳಿದಳು: "ನಕ್ಕವರ ಮುಂದ ಬಾಯಿ ಬರಲಿಲ್ಲ. ಇಲ್ಲಿ ನನ್ನ ಮುಂದ ಬಂತೇನ್ರಿ?"

ಅನ್ನ ಬಳಿದೆ, ಗೋಡೆ ಒರೆಸಿದೆ. ತಪ್ಪಾಯಿತು ಎನ್ನಲು ಮೂರು ದಿನ ಬೇಕಾಯಿತು. ಗಂಡಸು ಹೆಂಡತಿಯ ಕ್ಷಮೆ ಕೇಳುವುದು ಹಿರಿಯರು ಹೇಳಿದ ಯಾವ ಹಂತದಲ್ಲೂ ಇರಲಿಲ್ಲ.

ಮುಂದಿನ ಕೂಟಕ್ಕೂ ಮಗುವನ್ನು ಎತ್ತಿಕೊಂಡೇ ಹೋದೆ. ಎದ್ದು ನಿಂತು ಕೇಳಿದೆ: "ಸರ್, ಯೇಸುಸ್ವಾಮಿ ಸೊಂಟಕ್ಕ ಟವೆಲ್ ಸುತ್ತಿ ಶಿಷ್ಯರ ಕಾಲು ತೊಳದ್ನಲ್ಲ, ಅದು ಆಳಿನ ಕೆಲಸ. ಅದು ಯಾವ ಹಂತ, ಹೇಳ್ರಿ."

ಈ ಸಲ ಯಾರೂ ನಗಲಿಲ್ಲ. "ಕೂತ್ಕೋ. ನನಗೆ ಬೋಧನೆ ಮಾಡ್ಲಿಕ್ಕೆ ಬರ್ಬೇಡ," ಎಂದರು ಹಿರಿಯರು. ಮರುವಾರದಿಂದ, ಆರಾಧನೆಯಲ್ಲಿ ಸತ್ಯವೇದ ಓದುವವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಐದು ವರ್ಷ ಓದಿದ್ದೆ. ಒಬ್ಬರೂ ಯಾಕೆಂದು ಕೇಳಲಿಲ್ಲ.

ಕೊನೆಗೂ ಕಾರ್ಖಾನೆ ತೆರೆಯಿತು. ಮೊದಲ ಭಾನುವಾರವೇ ಹಿರಿಯರು ಬಾಗಿಲಲ್ಲಿ ನನ್ನ ಕೈ ಹಿಡಿದರು. "ದೇವರಿಗೆ ಸ್ತೋತ್ರ! ಇವತ್ತು ನೀನೇ ಓದು, ಆಯ್ತಾ?"

ನನ್ನ ಭಕ್ತಿ ಬೆಳೆದೂ ಇರಲಿಲ್ಲ, ಕುಗ್ಗಿಯೂ ಇರಲಿಲ್ಲ. ಬದಲಾದದ್ದು ಜೇಬಿನಲ್ಲಿದ್ದ ಕಾರ್ಖಾನೆಯ ಗೇಟ್ ಪಾಸ್ ಒಂದೇ.

"ನಾ ಮಗಳ ಬಟ್ಟಿ ಒಗಿತಿದ್ದಾಗ ಓದಾಕ ಬಿಡ್ಲಿಲ್ಲ. ಈಗ ಬ್ಯಾಡ್ರಿ," ಎಂದು ಕೈ ಬಿಡಿಸಿಕೊಂಡೆ.

ನಮ್ಮಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಕೂರುವ ಪದ್ಧತಿ. ನಾನು ಎಡಕ್ಕೆ ಹೋಗಿ ಹೆಂಡತಿಯ ಪಕ್ಕ ಕೂತೆ. ಎಬ್ಬಿಸಲು ಯಾರೂ ಬರಲಿಲ್ಲ, ಬಂದಿದ್ದರೂ ಏಳುತ್ತಿರಲಿಲ್ಲ.