ಒಂದು ತಾಸು ಕೊಸರು

ಕುಷ್ಟಗಿಯಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಪಕ್ಕ ಫಕ್ರುದ್ದೀನ ಚಾಚಾನ ಮೋಟಾರ್ ರಿವೈಂಡಿಂಗ್ ಅಂಗಡಿ. ಮಗಳು ಮುಬಾಶಿರಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಲ್ಲೇ ಕೂತಳು. ಅಪ್ಪ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಾನೆ, ಮಗಳು ಉಗುರಿನಷ್ಟು ಚಿಪ್ಪಿಗೆ ಲ್ಯಾಪ್‌ಟಾಪಿನಿಂದ ಬುದ್ಧಿ ತುಂಬುತ್ತಾಳೆ. ಹುಡುಗಿ ಮಾಡಿದ್ದು ನಡೆಯುತ್ತದೆಯೇ ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಅವಳು ಮಾತ್ರ ತಲೆ ಎತ್ತುತ್ತಿರಲಿಲ್ಲ.

ಅವಳ ಮೊದಲ ಗಿರಾಕಿ ಹನುಮಸಾಗರದ ರೇಣುಕಾ. ಜವಾರಿ ಕೋಳಿಮರಿ ಸಾಕುವವಳು, ಮನೆಯಲ್ಲಿ ಒಬ್ಬಳೇ. ಸಣ್ಣ ಮರಿಗಳಿಗೆ ರಾತ್ರಿ ಬಲ್ಬಿನ ಕಾವು ಬೇಕು. ಹಗಲೂ ಉರಿದರೆ ತಗಡಿನ ಶೆಡ್ಡಿನಲ್ಲಿ ಬೆಂದುಹೋಗುತ್ತವೆ. ಹಚ್ಚಲು, ಆರಿಸಲು ಅವಳು ಅಲ್ಲಿರಲೇಬೇಕು. ಇರಕಲ್ಲಗಡದಲ್ಲಿ ತಮ್ಮನ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. "ಒಂದ ರಾತ್ರಿ ನನ್ನ ಮಗ್ಗಲದಾಗ ಮಲಗಾಕ ಬಾ" ಎಂದು ಫೋನಿನಲ್ಲಿ ಕೇಳುತ್ತಲೇ ಇದ್ದಳು. ರೇಣುಕಾ ಬೆಳಿಗ್ಗೆ ಹೋಗಿ ಸಂಜೆ ಬಸ್ಸಿಗೆ ಓಡಿ ಬರುತ್ತಿದ್ದಳು.

ಮುಬಾಶಿರಾ ಅವಳಿಗೊಂದು ಡಬ್ಬಿ ಮಾಡಿಕೊಟ್ಟಳು. ಸಂಜೆ ಏಳಕ್ಕೆ ಬಲ್ಬು ತಾನೇ ಹತ್ತುತ್ತದೆ. ಎಷ್ಟು ತಾಸು ಎಂದು ಗುಂಡಿ ಒತ್ತಿದರೆ ಅಷ್ಟು ತಾಸಿನ ನಂತರ ತಾನೇ ಆರುತ್ತದೆ. ರೇಣುಕಾ ನಸುಕಿನ ನಾಲ್ಕಕ್ಕೆ ಎದ್ದು ಮುಂದಿನ ಕಾವು ತಾನೇ ನೋಡಿಕೊಳ್ಳುವವಳು, ಹಾಗಾಗಿ ಒಂಬತ್ತು ತಾಸಿಗೆ ಇಟ್ಟಳು. ಅರ್ಧ ಚಳಿಗಾಲ ಡಬ್ಬಿ ಒಂದು ದಿನವೂ ಕೈಕೊಡಲಿಲ್ಲ. ಆಮೇಲೆಯೇ ಅವಳು ಅವ್ವನ ಬಳಿ ಒಂದು ರಾತ್ರಿ ಉಳಿಯುವ ಧೈರ್ಯ ಮಾಡಿದ್ದು.

ನಮ್ಮ ಕಡೆ ಯಾವುದನ್ನೂ ಬರೀ ಅಳತೆಗೆ ಕೊಡುವುದಿಲ್ಲ. ಮೆಣಸಿನಕಾಯಿ ತೂಗಿದ ಮೇಲೆ ಒಂದು ಹಿಡಿ, ಹಾಲು ಅಳೆದ ಮೇಲೆ ಒಂದು ತೊಟ್ಟು ಕೊಸರು ಬೀಳಲೇಬೇಕು. ಹೊರಡುವಾಗ ರೇಣುಕಾ ಮರಿಗಳಿಗೂ ಕೊಸರು ಹಾಕಿದಳು. ನಾಲ್ಕಕ್ಕೆ ತಾನಿರುವುದಿಲ್ಲ, ಇನ್ನೊಂದು ತಾಸು ಕಾವಿರಲಿ ಎಂದು ಹತ್ತಕ್ಕೆ ಒತ್ತಿದಳು.

ಮರುದಿನ ಬಂದು ನೋಡಿದರೆ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಶೆಡ್ಡು ತಣ್ಣಗಿತ್ತು.

ಮುಬಾಶಿರಾ ಡಬ್ಬಿಯನ್ನು ಅಂಗಡಿಗೆ ತಂದು ಹತ್ತಕ್ಕೆ ಇಟ್ಟಳು. ಬಲ್ಬು ಮಿಣಕ್ಕೆಂದು ಆರಿತು. ಹತ್ತು ತಾಸಿಗೆ ಮೂವತ್ತಾರು ಸಾವಿರ ಸೆಕೆಂಡು. ಲ್ಯಾಪ್‌ಟಾಪಿನಲ್ಲಿ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಚಿಪ್ಪಿನಲ್ಲಿ ಅದೇ ಲೆಕ್ಕ ಸೊನ್ನೆಗಿಂತ ಕೆಳಗಿನ ಸಂಖ್ಯೆ ಕೊಡುತ್ತಿತ್ತು. ಹೊತ್ತು ಆಗಲೇ ಮುಗಿದಿದೆ ಎಂದುಕೊಂಡು ಡಬ್ಬಿ ಬಲ್ಬು ಆರಿಸುತ್ತಿತ್ತು.

ಅವಳು ಬರೆದದ್ದನ್ನು ಚಿಪ್ಪಿಗೆ ತಿಳಿಯುವಂತೆ ಮಾಡುವ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರಂತೆ. ಅದು ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಅದರ ಕೈಪಿಡಿಯನ್ನು ನನ್ನ ಅಂಗಡಿಯಲ್ಲೇ ಪ್ರಿಂಟ್ ಹಾಕಿಸಿದಳು, ಇಟ್ಟಿಗೆಯಷ್ಟು ದಪ್ಪ. ಒಂದು ಸಂಖ್ಯೆ ಇಡಲು ಚಿಪ್ಪಿನಲ್ಲಿ ಎಷ್ಟು ಜಾಗ ಎಂದು ಹುಡುಕಿದರೆ, ಚಿಪ್ಪಿನ ಕೈಪಿಡಿ ನೋಡಿ ಎಂದಿತ್ತು. ಚಿಪ್ಪಿನ ಕೈಪಿಡಿ ತೆರೆದರೆ, ಕಂಪೈಲರಿನ ಕೈಪಿಡಿ ನೋಡಿ ಎಂದಿತ್ತು. ಜಾಗ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ಸಾಲಿನ ಉತ್ತರ: ಏನು ಬೇಕಾದರೂ ಆಗಬಹುದು. ಬರೆದವನ ಕೈ ಸೇದಿಹೋಗಲಿ ಎಂದು ನಾನು ಬೈದೆ. ಅವಳು ಬೈಯಲಿಲ್ಲ, ಓದುತ್ತಲೇ ಇದ್ದಳು.

ಕೈಪಿಡಿ ಪಕ್ಕಕ್ಕಿಟ್ಟು ಒಂದೊಂದೇ ಸಾಲು ತಿದ್ದಿ ನೋಡಿದ ಮೇಲೆ ತಪ್ಪು ಸಿಕ್ಕಿತು. ಉತ್ತರಕ್ಕೆಂದು ಅವಳು ದೊಡ್ಡ ಕೊಡವನ್ನೇ ಇಟ್ಟಿದ್ದಳು. ಚಿಪ್ಪು ಮಾತ್ರ ಗುಣಾಕಾರವನ್ನು ಸಣ್ಣ ತಂಬಿಗೆಯಲ್ಲಿ ಮಾಡಿ, ಆಮೇಲೆ ಕೊಡಕ್ಕೆ ಸುರಿಯುತ್ತಿತ್ತು. ಒಂಬತ್ತು ತಾಸು ತಂಬಿಗೆಯಲ್ಲಿ ಹಿಡಿಯುತ್ತಿತ್ತು, ಹತ್ತು ಹಿಡಿಯುತ್ತಿರಲಿಲ್ಲ. ರೇಣುಕಾ ಕೇಳಿದ್ದು ಒಂಬತ್ತು, ಇವಳು ಪರೀಕ್ಷೆ ಮಾಡಿದ್ದೂ ಒಂಬತ್ತರವರೆಗೆ. ಗುಣಾಕಾರವೂ ಕೊಡದಲ್ಲೇ ಆಗುವಂತೆ ಒಂದೇ ಒಂದು ಅಕ್ಷರ ಸೇರಿಸಿದಳು, ಎಲ್ಲ ಸರಿಹೋಯಿತು.

ನಾವಿಬ್ಬರೂ ಡಬ್ಬಿ ಹಿಡಿದು ಹನುಮಸಾಗರಕ್ಕೆ ಹೋದಾಗ ಶೆಡ್ಡಿನಲ್ಲಿ ಹೊಸ ಮರಿಗಳಿದ್ದವು. ರೇಣುಕಾ ಚಹಾ ಕೊಟ್ಟಳು.

"ತಪ್ಪು ಸಿಕ್ಕೈತ್ರಿ ಅಕ್ಕಾರ. ಈಗ ಹನ್ನೆರಡಕ್ಕ ಇಟ್ರೂ ನಡೀತೈತಿ" ಎಂದಳು ಮುಬಾಶಿರಾ.

"ನಿನ್ನ ಮ್ಯಾಲ ಸಿಟ್ಟಿಲ್ಲ ತಂಗಿ. ನೀ ಏನ್ ಬೇಕಂತ ಮಾಡೀದಿ?" ಎಂದು ರೇಣುಕಾ ಡಬ್ಬಿಯನ್ನು ಹಳೆಯ ಮೊಳೆಗೇ ತೂಗುಹಾಕಿದಳು. ವೈರು ಮಾತ್ರ ಕೆಳಗೆ ಜೋತಾಡುತ್ತಿತ್ತು.

"ಜೋಡಸ್ಲೇನ್ರಿ?"

"ಬ್ಯಾಡ, ಇರ್ಲಿ ಬಿಡು."

"ಹಂಗಾರ ಅವ್ವಾರ ಕಡಿ ಹೆಂಗ ಹೋಗ್ತೀರಿ? ನೀವು ಹೋಗ್ರಿ, ಮರಿ ಕಾಯಾಕ ನಾ ಬಂದು ಇರ್ತೀನಿ."

ರೇಣುಕಾ ಮರಿಗಳಿಗೆ ನುಚ್ಚು ಹಾಕುತ್ತ ಹೇಳಿದಳು. "ಅವ್ವ ಹ್ವಾದ ವಾರ ಹೋಗಿಬಿಟ್ಲು. ಮತ್ತೊಂದ ರಾತ್ರಿ ಬಾ ಅಂತ ಕರದಿದ್ಲು, ಇವನ್ನ ಬಿಟ್ಟು ಹೋಗಾಕ ಧೈರ್ಯ ಆಗ್ಲಿಲ್ಲ. ನಸಕಿನ್ಯಾಗ ಜೀವ ಹೋತಂತ. ನಾ ಇಲ್ಲೇ ಬಲ್ಬ್ ಕಾಯ್ಕೋತ ಕುಂತಿದ್ನಿ."

ಮುಬಾಶಿರಾ ಜೋತಾಡುತ್ತಿದ್ದ ವೈರನ್ನು ಸುತ್ತಿ ಮೊಳೆಗೆ ಸಿಕ್ಕಿಸಿದಳು. ನನಗೆ ಅಳು ಬಂತು, ನಾನು ಅತ್ತೆ.

ಹೊರಡುವಾಗ ರೇಣುಕಾ ಒಂದು ಡಜನ್ ತತ್ತಿ ಎಣಿಸಿ ಮುಬಾಶಿರಾಳ ಚೀಲಕ್ಕೆ ಹಾಕಿ, ರೂಢಿಯಂತೆ ಮೇಲೊಂದು ಕೊಸರು ಇಟ್ಟಳು. ಮುಬಾಶಿರಾ ಆ ಒಂದನ್ನು ತೆಗೆದು ಮತ್ತೆ ಬುಟ್ಟಿಯಲ್ಲೇ ಇಟ್ಟಳು.