ಜೂರಾಕಾನಳ ಹತ್ತು ದಿನ

ಕುದುರೆ ಸಾಕುವವರ ಬೆಟ್ಟನಾಡು ನರೀನ್ ಸೀಮೆಯ ಜೂರಾಕಾನಳಿಗೆ ನಲವತ್ತನಾಲ್ಕು ವರ್ಷ. ಕುದುರೆ ಹಾಲು ಕರೆಯುವುದರಲ್ಲಿ ಅವಳನ್ನು ಮೀರಿಸುವವರು ಊರಿನಲ್ಲಿರಲಿಲ್ಲ. ತಿಂಗಳಿಗೆ ಹತ್ತು ದಿನ ಮುಟ್ಟಾಗುವುದರಲ್ಲಿಯೂ ಇರಲಿಲ್ಲ. ಎಲ್ಲಿ ಕುಳಿತರೂ ಕೆಳಗೊಂದು ಕಪ್ಪು ಆಡಿನ ಚರ್ಮ ಹಾಸಿಕೊಳ್ಳುತ್ತಿದ್ದಳು. ಊರವರು ಅದನ್ನು ಠೀವಿ ಎಂದುಕೊಂಡಿದ್ದರು.

ಅತ್ತೆ ಬಾತ್ಮಾ ಹೇಳುತ್ತಿದ್ದಳು: "ಕುದುರೆ ಮಾಂಸ ತಿನ್ನೇ, ಹೋದ ರಕ್ತ ಬರುತ್ತೆ." ತಿಂದಳು. ಬಂತೇನೋ, ಬಂದದ್ದೂ ಹೋಯಿತು.

ಏಪ್ರಿಲ್ ಕೊನೆಗೆ ಕಂಬಳಿಗೆ ಉಣ್ಣೆ ಬಡಿಯುತ್ತಾ ಉಣ್ಣೆಯ ಮೇಲೆಯೇ ಬಿದ್ದಳು. ಅತ್ತೆ ಅವಳನ್ನು ನರ್ಸ್ ಗುಲ್ಸುನ್ ಹತ್ತಿರ ಎಳೆದುಕೊಂಡು ಹೋದಳು.

"ಎಷ್ಟು ಹೋಗುತ್ತೆ?" ಎಂದಳು ಗುಲ್ಸುನ್.

"ಎಲ್ಲರಿಗೂ ಹೋದಷ್ಟು, ಅಕ್ಕಾ."

"ಎಲ್ಲರ ಕತೆ ಬೇಡ. ಬಟ್ಟೆ ಯಾವಾಗ ಬದಲಾಯಿಸ್ತೀಯ?"

"ಗಂಟೆಗೊಂದ್ಸಲ. ಎರಡೆರಡು ಇಟ್ಕೋತೀನಿ."

"ರಕ್ತದ ಗಡ್ಡೆ ಬೀಳುತ್ತಾ?"

"ಎಣ್ಣೇಲಿ ಕರಿದ ಹಿಟ್ಟಿನುಂಡೆ, ಬೊರ್ಸೋಕ್ ಇರುತ್ತಲ್ಲ, ಅಷ್ಟು ದಪ್ಪ."

"ಹಾಳಾದೋಳೆ, ಇನ್ಮೇಲೆ ಮದುವೆ ಮನೇಲಿ ನಾನದನ್ನ ಹೇಗೆ ತಿನ್ಲಿ?" ಎನ್ನುತ್ತಲೇ ಗುಲ್ಸುನ್ ಅವಳ ಜೇಬಿಗೆ ಕೈ ಹಾಕಿದಳು. ಸಂತೆಯಲ್ಲಿ ಮಾರುವ ತಿನ್ನುವ ಮಣ್ಣಿನ ತುಂಡು ಸಿಕ್ಕಿತು, ಅರ್ಧ ಕಡಿದದ್ದು. ಮಣ್ಣು ಬಯಸುವ ಹೆಂಗಸಿಗೆ ರಕ್ತ ಕಡಿಮೆ ಎಂದು ಗುಲ್ಸುನ್‌ಗೆ ಗೊತ್ತು. ಬೆರಳು ಚುಚ್ಚಿ ನೋಡಿದಳು. ರಕ್ತದ ಅಂಶ ಹನ್ನೆರಡಿರಬೇಕಾದ ಕಡೆ ಏಳಿತ್ತು.

"ಬೇಸಿಗೇಲಿ ಕುದುರೆ ಮೇಯಿಸೋಕೆ ಹೋಗಿ ಇದೇ ಥರ ಮೂರು ತಿಂಗಳು ಬೆಟ್ಟದ ಮೇಲೆ ಕೂತ್ರೆ, ಕೆಳಗಿಳಿಸೋಕೆ ನೀನಿರಲ್ಲ. ಮೇಲೆ ಡಾಕ್ಟ್ರೂ ಇಲ್ಲ, ದಾರಿಯೂ ಇಲ್ಲ."

ಅವಳನ್ನು ಊರಲ್ಲಿ ಬಿಟ್ಟು ಹೋಗಲು ಗಂಡ ಜಾನುಜಾಕ್ ಮಾತ್ರ ಒಪ್ಪಲಿಲ್ಲ. "ನೀನಿಲ್ದೆ ಹಾಲು ಕರೆಯೋರ್ಯಾರು? ಗಂಡಸು ಕುದುರೆ ಮರಿ ಹಿಡಿಯೋನು, ಹೆಂಗಸು ಹಾಲು ಕರೆಯೋಳು."

ಗುಲ್ಸುನ್ ಕೊಟ್ಟ ಕಬ್ಬಿಣದ ಮಾತ್ರೆ ಮೂರು ವಾರ ನುಂಗಿದ ಮೇಲೂ ಏಳು ಏಳಾಗಿಯೇ ಇತ್ತು.

"ಯಾವುದ್ರ ಜೊತೆ ನುಂಗ್ತಿದ್ದೆ?" ಎಂದಳು ಗುಲ್ಸುನ್.

"ಚಹಾ ಜೊತೆ."

"ದಿನಕ್ಕೆ ಎಷ್ಟು ಬಟ್ಲು?"

ಅತ್ತೆ ಉತ್ತರಿಸಿದಳು: "ಇಪ್ಪತ್ತು. ಅದೇನು ಜಾಸ್ತಿನಾ?"

"ಚಹಾ ಕಬ್ಬಿಣನ ಮೈಗೆ ಹತ್ತೋಕೆ ಬಿಡಲ್ಲಮ್ಮ. ನೀರಲ್ಲಿ ನುಂಗು, ಚಹಾ ಎರಡು ಗಂಟೆ ಆದ್ಮೇಲೆ," ಎಂದ ಗುಲ್ಸುನ್ ಅವಳನ್ನು ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿದಳು.

ಅಲ್ಲಿ ಸ್ಕ್ಯಾನ್ ಮಾಡಿದರು, ಒಳಗಿನ ಚೂರು ತೆಗೆದು ಪರೀಕ್ಷಿಸಿದರು. ಕೆಟ್ಟದ್ದೇನೂ ಇರಲಿಲ್ಲ. ಹೆಚ್ಚು ಹೋಗುವ ದಿನಗಳಿಗೆ ರಕ್ತ ತಡೆಯುವ ಮಾತ್ರೆ ಕೊಟ್ಟರು, ಗರ್ಭಕೋಶದೊಳಗೆ ಔಷಧಿಯಿರುವ ಸಣ್ಣ ಸಾಧನ ಇಡುತ್ತೇವೆ ಎಂದರು. ಅತ್ತೆ ಅಡ್ಡ ನಿಂತಳು: "ನಮ್ಮ ಕಾಲದಲ್ಲೂ ಇಟ್ಟಿದ್ರು. ನದಿ ಹರಿದಂಗೆ ಹರೀತು."

"ಅದು ತಾಮ್ರದ್ದು, ಅಜ್ಜಿ. ಹೆಚ್ಚು ಮಾಡ್ತಿತ್ತು. ಇದು ಕಡಿಮೆ ಮಾಡುತ್ತೆ. ಆದ್ರೆ ಕೆಲವು ತಿಂಗಳು ಚೂರುಪಾರು ಕಾಣಿಸುತ್ತೆ, ತಾಳ್ಮೆ ಬೇಕು," ಎಂದಳು ವೈದ್ಯೆ.

"ತಾಳ್ಮೆ ನನ್ನ ಹತ್ರ ಸಾಕಷ್ಟಿದೆ, ರಕ್ತನೇ ಇಲ್ಲ. ಇಟ್ಟುಬಿಡಿ," ಎಂದಳು ಜೂರಾಕಾನ್. ಮನೆಗೆ ಬಂದು ಗಂಡನಿಗೂ ಹೇಳಿಬಿಟ್ಟಳು: "ಈ ಸಲ ನಾನು ಮೇಲೆ ಬರಲ್ಲ."

ಜೂನ್‌ನಲ್ಲಿ ಜಾನುಜಾಕ್ ತಾಯಿಯ ಜೊತೆ ಹತ್ತಿದ. ತಾಯಿ ಮರಿ ಹಿಡಿದಳು, ಮಗ ಕರೆಯಲು ಕುಳಿತ. ಮೂರನೆಯ ದಿನ ಕುದುರೆ ಅವನ ಮೊಣಕಾಲಿಗೆ ಒದ್ದಿತು. ಹತ್ತು ದಿನ ಮಲಗಬೇಕೆಂದು ಹೇಳಿ ಕಳಿಸಿದ. ಮಲಗಲಿ, ನಾನು ತಿಂಗಳಿಗೆ ಹತ್ತು ದಿನ ರಕ್ತ ಹೋಗುತ್ತಲೇ ಹದಿಮೂರು ವರ್ಷ ಹಾಲು ಕರೆದೆ ಎಂದು ಹೇಳು, ಎಂದು ಇವಳೂ ಹೇಳಿ ಕಳಿಸಿದಳು. ಅವನು ಆರನೆಯ ದಿನವೇ ಎದ್ದು ಬಿಂದಿಗೆ ಹಿಡಿದನಂತೆ.

ಆಗಸ್ಟ್‌ನಲ್ಲಿ ಗುಲ್ಸುನ್ ಬೆರಳು ಚುಚ್ಚಿದಳು. ಹನ್ನೊಂದು.

ಮರುದಿನ ಜೂರಾಕಾನ್ ಬೆಟ್ಟ ಹತ್ತಿದಳು. ಗಂಡ ಖುಷಿಯಿಂದ ಹಾಲಿನ ಬಿಂದಿಗೆ ಮುಂದೆ ಚಾಚಿದ.

"ಕರೆಯೋಕೆ ಬಂದಿಲ್ಲ," ಎಂದು ಅವಳು ಆಡಿನ ಚರ್ಮ ಹಾಸದೆ ಹುಲ್ಲಿನ ಮೇಲೆಯೇ ಕಾಲು ಚಾಚಿ ಕುಳಿತಳು. "ಕುಡಿಯೋಕೆ ಬಂದೆ. ತುಂಬಾ ಹುಳಿ ಬಂದಿರೋ ಕುದುರೆ ಹಾಲು ಕೊಡಿ."