ಸಂಜೆಗೆ ಕಡಿಮೆಯಾಗುತ್ತಿದ್ದ ಎಣ್ಣೆ

ಎರಡು ಬೇಸಿಗೆಗಳ ಹಿಂದಿನ ಮಾತು. ವಾಹನ ಮಾರುವ ಕಂಪನಿಯೊಂದರ ಸರ್ವಿಸ್ ವಿಭಾಗದಲ್ಲಿ ಫೋರ್‌ಮನ್ ಆಗಿ ನಿವೃತ್ತನಾದ ಮೇಲೆ ನಾನು ವಿಜಯಪುರದ ಅಥಣಿ ರಸ್ತೆಯಲ್ಲಿ ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದೆ. ಬರುವ ಗಾಡಿಗಳಲ್ಲಿ ಹೆಚ್ಚಿನವು ಡೀಸೆಲ್ ಪಿಕಪ್‌ಗಳು. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಕೊಯ್ಲು ಶುರುವಾಯಿತೆಂದರೆ ಅವುಗಳಿಗೆ ಬಿಡುವಿಲ್ಲ, ನನಗೂ ಬಿಡುವಿಲ್ಲ.

ಆ ಬೇಸಿಗೆಯಲ್ಲಿ ತಿಕೋಟಾದ ಕಸ್ತೂರಿಬಾಯಿಯವರ ಪಿಕಪ್ ನನ್ನಲ್ಲಿಗೆ ಬಂತು. ಅವರದು ಮಣೂಕದ ಶೆಡ್, ಅಂದರೆ ದ್ರಾಕ್ಷಿಯನ್ನು ಪರದೆಗಳ ಮೇಲೆ ಹರಡಿ ಒಣಗಿಸುವ ಕಾರಖಾನೆ. ಗಂಡ ತೋಟ ನೋಡಿಕೊಂಡರೆ ಶೆಡ್ಡು, ಆಳು, ಗಾಡಿ ಎಲ್ಲವೂ ಇವರ ಕೈಯಲ್ಲಿ. ಹಿಂದಿನ ಡ್ರೈವರ್ ಒಬ್ಬ ಟ್ಯಾಂಕಿನ ಡೀಸೆಲ್ ತೆಗೆದು ಮಾರುತ್ತಿದ್ದಾಗ ಸಿಕ್ಕಿಬಿದ್ದಿದ್ದ. ಅಂದಿನಿಂದ ಅವರು ಹಾಕಿದ ಬೀಗವನ್ನು ಎರಡು ಸಲ ಜಗ್ಗಿ ನೋಡದೆ ಮುಂದೆ ಹೋಗುತ್ತಿರಲಿಲ್ಲ. ಈಗಿನ ಡ್ರೈವರ್ ಸಾರವಾಡದ ಸಂಗಪ್ಪ. ನಲವತ್ತರ ಆಸುಪಾಸಿನ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮನುಷ್ಯ. ಮಾತು ಕಡಿಮೆ ಇದ್ದವರ ಮೇಲೆ ಕಸ್ತೂರಿಬಾಯಿಯವರಿಗೆ ಅನುಮಾನ ಹೆಚ್ಚು.

ಗಾಡಿಯ ತೊಂದರೆ ಇದು: ಭಾರ ಹೊತ್ತು ಬಿಸಿಲಲ್ಲಿ ಓಡಿದ ಮೇಲೆ ಎಂಜಿನ್ ಆರಿಸದೆ ನಿಲ್ಲಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ದೀಪ ಮಿಣುಕುತ್ತಿತ್ತು. ಎಂಜಿನ್ ಆಯಿಲ್ ಬಹಳ ಕಾದರೆ ನೀರಿನಂತೆ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ, ಬೇರಿಂಗುಗಳು ಸವೆಯುತ್ತವೆ. ನಾನು ಪ್ರೆಶರ್ ಗೇಜ್ ಹಚ್ಚಿ ನೋಡಿದೆ. ತಣ್ಣಗಿದ್ದಾಗ ಒತ್ತಡ ಸರಿಯಿತ್ತು, ಕಾದಾಗ ಕುಸಿಯುತ್ತಿತ್ತು. ಭಾರ ಕಡಿಮೆ ಮಾಡಿದರೆ ಅರ್ಧ ರೋಗ ವಾಸಿ ಎಂದು ಫೋನಿನಲ್ಲಿ ಹೇಳಿದೆ. ಅವರು ಒಪ್ಪಲಿಲ್ಲ. ತಮ್ಮನ ಕಡೆಯಿಂದ ಪುಣೆಯಿಂದ ತರಿಸಿದ ಒಂದು ಆಯಿಲ್ ಕೂಲರ್ ಕಳಿಸಿಕೊಟ್ಟರು.

ಆಯಿಲ್ ಕೂಲರ್ ಎಂದರೆ ಸಣ್ಣದೊಂದು ರೇಡಿಯೇಟರ್. ಆಯಿಲ್ ಫಿಲ್ಟರ್ ಕೂರುವ ಜಾಗದಲ್ಲಿ ಒಂದು ಅಡಾಪ್ಟರ್ ಹಾಕಿ, ಎರಡು ಹೋಸ್ ಪೈಪುಗಳ ಮೂಲಕ ಎಣ್ಣೆಯನ್ನು ಮುಂಭಾಗಕ್ಕೆ ಒಯ್ದು, ಗಾಳಿಗೆ ತಣ್ಣಗಾಗಿಸಿ ವಾಪಸು ತರುವ ವ್ಯವಸ್ಥೆ. ಕಂಪನಿಯಿಂದ ಬರದ, ಹೊರಗಿನಿಂದ ಕೂಡಿಸುವ ಯಾವ ಸಾಮಾನನ್ನೂ ನಾನು ಸುಲಭಕ್ಕೆ ನಂಬುವವನಲ್ಲ. ಒತ್ತಡದ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಸೋರುತ್ತದೆಯೇ ಎಂದು ನೋಡಿದ ಮೇಲೆಯೇ ಕೈ ಹಚ್ಚಿದೆ. ಬಂಪರ್ ಹಿಂದೆ ಕೆಳಗಡೆ ಕೂರಿಸಿದರೆ ತೋಟದ ದಾರಿಯ ಕಲ್ಲು ಬಡಿಯುವ ಭಯ. ಹೀಗಾಗಿ ಎತ್ತರದಲ್ಲಿ, ರೇಡಿಯೇಟರಿನ ಮೇಲ್ಭಾಗದ ಎದುರಿಗೆ ಕೂರಿಸಿದೆ.

ಎತ್ತರದಲ್ಲಿ ಕೂರಿಸಿದ್ದರಿಂದ ಒಂದು ವಿಷಯ ನೆನಪಿಡಬೇಕಿತ್ತು. ಎಂಜಿನ್ ಓಡುವಾಗ ಮುಕ್ಕಾಲು ಲೀಟರಿನಷ್ಟು ಎಣ್ಣೆ ಕೂಲರಿನಲ್ಲಿ, ಪೈಪುಗಳಲ್ಲಿ ಇರುತ್ತದೆ. ನಿಲ್ಲಿಸಿದ ಮೇಲೆ ಅದು ನಿಧಾನವಾಗಿ ಇಳಿದು ಎಂಜಿನ್ನಿನ ತಳದ ತೊಟ್ಟಿಗೆ, ನಾವು ಚೇಂಬರ್ ಎನ್ನುತ್ತೇವಲ್ಲ, ಅಲ್ಲಿಗೆ ಸೇರುತ್ತದೆ. ಓಡಿಸಿ ನಿಲ್ಲಿಸಿದ ಕೂಡಲೇ ಅಳತೆಯ ಕಡ್ಡಿ ಎತ್ತಿ ನೋಡಿದರೆ ಎಣ್ಣೆ ಕಡಿಮೆ ತೋರಿಸುತ್ತದೆ. ಅದಕ್ಕೇ ಗಾಡಿ ಒಯ್ಯಲು ಬಂದ ಸಂಗಪ್ಪನಿಗೆ ಹೇಳಿದೆ: "ಮುಂಜಾನೆ, ಚಾಲೂ ಮಾಡೂಕಿಂತ ಮೊದಲ, ಸಪಾಟ ಜಾಗಾದಾಗ ನಿಲ್ಲಿಸಿ ಕಡ್ಡಿ ನೋಡು. ಕಸ್ತೂರಿಬಾಯಾರಿಗೂ ಹೇಳು."

"ಹೇಳ್ತೇನ್ರಿ ಮಿಸ್ತ್ರಿಯಾರ," ಎಂದು ಅವನು ಹೋದ.

ದೀಪ ಮಿಣುಕುವುದು ನಿಂತಿತು. ಒಂದು ವಾರ ಕಳೆದಿರಬೇಕು, ಕಸ್ತೂರಿಬಾಯಿ ತಾವೇ ಗಾಡಿಯಲ್ಲಿ ಕುಳಿತು ವರ್ಕ್‌ಶಾಪಿಗೆ ಬಂದರು. ಸಂಗಪ್ಪನನ್ನು ಚಹಾ ಕುಡಿದು ಬಾ ಎಂದು ರಸ್ತೆಯ ಆಚೆಗೆ ಕಳಿಸಿ, ದನಿ ತಗ್ಗಿಸಿ ಕೇಳಿದರು.

"ನೀವು ಆ ಡಬ್ಬಿ ಕೂಡಿಸಿದಾಗಿಂದ ಎಣ್ಣಿ ಕಡಿಮಿ ಆಗಾಕತ್ತೈತಿ. ನಿಮ್ಮ ಕೆಲಸ ಕೆಟ್ಟೈತೋ, ನನ್ನ ಡ್ರೈವರ್ ಕೆಟ್ಟಾನೋ?"

ನಾನು ಬಾನೆಟ್ ತೆಗೆದು ಪೈಪುಗಳ ಪ್ರತಿ ಜೋಡಣೆಯನ್ನೂ ಒರೆಸಿ ನೋಡಿದೆ. ಹನಿಯೂ ಇಲ್ಲ. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯಿಲ್ಲ. ಸೈಲೆನ್ಸರಿನಲ್ಲಿ ಎಣ್ಣೆ ಸುಟ್ಟ ನೀಲಿ ಹೊಗೆಯಿಲ್ಲ. ಅಷ್ಟು ಹೊತ್ತಿಗೆ ಎಂಜಿನ್ ತಣ್ಣಗಾಗಿತ್ತು. ಕಡ್ಡಿ ಎತ್ತಿದರೆ ಎಣ್ಣೆ ಮೇಲಿನ ಗೆರೆಯವರೆಗೆ ಸರಿಯಾಗಿತ್ತು.

"ಎಲ್ಲೂ ಸೋರಿಲ್ಲ, ಸುಟ್ಟಿಲ್ಲ. ಪೂರಾ ಐತಲ್ರಿ," ಎಂದೆ.

"ಇವತ್ತ ನಿಮ್ಮ ಕಡೆ ಬರೋದೈತಿ ಅಂತ ತುಂಬಿಸ್ಕೊಂಡು ಬಂದಾನ."

"ನೀವು ಯಾವಾಗ ನೋಡಿದ್ರಿ ಕಡಿಮಿ ಇದ್ದದ್ದು?"

ಅವರು ನನ್ನನ್ನೇ ನೋಡಿದರು. "ಯಾವಾಗ ನೋಡ್ತೇನಿ ಅಂತ ನಿಮಗ ಹೇಳಿದ್ರ ಅವಂಗ ತಿಳೀತೈತಿ. ಮುಂಜಾನೆ ಅಷ್ಟ ನೋಡ್ರಿ ಅಂತ ಅಂವ ಹೇಳ್ತಾನ. ತಾ ಹೇಳಿದ ಹೊತ್ತಿಗೇ ನೋಡ್ಬೇಕು ಅನ್ನಾಂವನ್ನ ಹೆಂಗ ನಂಬೂದು?"

ಹಾಗೆ ನೋಡಲು ಹೇಳಿದವನು ನಾನೇ ಎಂದೆ. ಅವರ ಮುಖ ಇನ್ನಷ್ಟು ಬಿಗಿಯಾಯಿತು. ಡ್ರೈವರನ ಜೊತೆ ಮಿಸ್ತ್ರಿಯೂ ಸೇರಿದ್ದಾನೆ ಎಂಬ ಹೊಸ ಲೆಕ್ಕ ಅಲ್ಲಿ ಹುಟ್ಟಿದ್ದು ನನಗೆ ಕಾಣಿಸಿತು. ಕೂಲರಿನಲ್ಲಿ ಎಣ್ಣೆ ನಿಲ್ಲುವ ವಿಷಯ ಬಿಡಿಸಿ ಹೇಳತೊಡಗಿದೆ. ಅರ್ಧಕ್ಕೇ ಎದ್ದರು. "ಸೋರಿಲ್ಲ, ಸುಟ್ಟಿಲ್ಲ ಅಂತ ನೀವ ಹೇಳಿದ್ರಿ. ಅಷ್ಟ ಸಾಕು."

ನಿಜ ಹೇಳಬೇಕೆಂದರೆ ಅವರು ಹೋದ ಮೇಲೆ ನನಗೂ ಸಂಗಪ್ಪನ ಮೇಲೆ ಸಣ್ಣ ಅನುಮಾನ ಬಂತು. ಚಹಾದ ಅಂಗಡಿಯಿಂದ ಅವನು ನಮ್ಮಿಬ್ಬರನ್ನೇ ನೋಡುತ್ತ ಕುಳಿತಿದ್ದ. ಬಂದವನು ಏನಾಯಿತೆಂದು ಕೇಳಲೇ ಇಲ್ಲ. ಏನೂ ತಿಳಿಯದವನು ಕೇಳಬೇಕಿತ್ತಲ್ಲ ಎಂದುಕೊಂಡೆ.

ಮುಂದೆ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ದಿನವೂ ಸಂಜೆ ಗಾಡಿ ಶೆಡ್ಡಿಗೆ ಬಂದು ನಿಂತ ಕೂಡಲೇ ಕಸ್ತೂರಿಬಾಯಿ ಹಳೆಯ ಬಟ್ಟೆ ಹಿಡಿದು ಬರುತ್ತಿದ್ದರು. ಕಡ್ಡಿ ಎತ್ತಿ ಒರೆಸಿ, ಮತ್ತೆ ಇಳಿಸಿ ಎತ್ತಿ, ಮಣೂಕ ಆರಿಸುವ ಹೆಣ್ಣಾಳುಗಳ ಎದುರಿಗೇ ಸಂಗಪ್ಪನ ಮುಖದ ಹತ್ತಿರ ಹಿಡಿಯುತ್ತಿದ್ದರು. "ನೋಡು. ಮಿಸ್ತ್ರಿನೂ ಸೋರಂಗಿಲ್ಲ ಅಂದಾನ. ಹಂಗಾರ ಎಲ್ಲಿ ಹೋತು?" ಅವನು ಒಂದೆರಡು ಸಲ ಮುಂಜಾನೆಯ ಮಾತು ಎತ್ತಿದ. ಆಮೇಲೆ ಬಿಟ್ಟುಬಿಟ್ಟ.

ಕೆಲವು ದಿನಗಳ ನಂತರ ಸಂಜೆಯ ಹೊತ್ತಿಗೂ ಎಣ್ಣೆ ಪೂರ್ತಿ ಇರತೊಡಗಿತು. ಕಸ್ತೂರಿಬಾಯಿ ನನಗೆ ಫೋನ್ ಮಾಡಿ ಗೆದ್ದವರಂತೆ ಹೇಳಿದರು: "ನಾಕು ಮಂದ್ಯಾಗ ಬೈದ ಮ್ಯಾಲ ಕಳವು ನಿಂತೈತಿ ನೋಡ್ರಿ."

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ ಅವರು ತಿಕೋಟಾ ಬಸ್ಸಿನಿಂದ ಇಳಿದು ವರ್ಕ್‌ಶಾಪಿಗೆ ನಡೆದು ಬಂದರು. ಕೈಯಲ್ಲಿ ಗೋಣಿಯಲ್ಲಿ ಸುತ್ತಿದ ಪ್ಲಾಸ್ಟಿಕ್ ಕ್ಯಾನ್. ಹಿಂದಿನ ಸಂಜೆ ಗಾಡಿಯ ಸೀಟಿನ ಹಿಂದೆ ಸಿಕ್ಕಿತಂತೆ. ಅದನ್ನು ತೆಗೆದಿಟ್ಟುಕೊಂಡು ಏನೂ ಗೊತ್ತಿಲ್ಲದವರಂತೆ ಸುಮ್ಮನಿದ್ದು, ಅವನನ್ನು ಬೆಳಿಗ್ಗೆ ಕೆಲಸಕ್ಕೆ ಕಳಿಸಿ ಬಂದಿದ್ದರು.

"ಕದ್ದ ಮಾಲು," ಎಂದು ಮೇಜಿನ ಮೇಲೆ ಇಟ್ಟರು. "ಇದು ನನ್ನ ಗಾಡಿ ಎಣ್ಣಿ ಅಂತ ನೀವು ಹೇಳ್ರಿ. ಆಮ್ಯಾಗ ಮುಂದಿಂದು ನಾ ನೋಡ್ಕೋತೇನಿ."

ಮುಚ್ಚಳ ತೆಗೆದು ಒಂದಿಷ್ಟು ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಹಾಕಿದೆ. ಜೇನಿನ ಬಣ್ಣ, ತಿಳಿಯಾಗಿತ್ತು. ಡೀಸೆಲ್ ಎಂಜಿನ್ನಿಗೆ ಹಾಕಿದ ಎಣ್ಣೆ ಒಂದೆರಡು ಓಡಾಟದಲ್ಲೇ ಮಸಿಯಂತೆ ಕಪ್ಪಾಗುತ್ತದೆ. ಮತ್ತೆ ಎಷ್ಟು ಸೋಸಿದರೂ ಆ ಬಣ್ಣ ಬರುವುದಿಲ್ಲ.

"ಬಾಯಾರ, ಇದು ಎಂಜಿನ್ ಒಳಗ ಹೋಗೇ ಇಲ್ರಿ. ಇದು ಅಂಗಡ್ಯಾಗ ತಂದ ಎಣ್ಣಿ. ಗಾಡ್ಯಾಗಿಂದ ತಗದದ್ದಲ್ಲ, ಗಾಡಿಗೆ ಹಾಕಾಕ ತಂದದ್ದು."

"ಅಂವ ಯಾಕ ತನ್ನ ಕೈಯಿಂದ ಹಾಕ್ತಾನ?"

"ನೀವು ಕಡ್ಡಿ ಯಾವಾಗ ನೋಡ್ತೀರಿ? ಈಗರ ಹೇಳ್ರಿ."

ಅವರು ತಡೆದು ಹೇಳಿದರು. "ಸಂಜಿ ಮುಂದ. ಗಾಡಿ ಬಂದು ನಿಂತ ಕೂಡ್ಲೆ."

ಸಂಜೆ ಕಡ್ಡಿ ಪೂರ್ತಿ ತೋರಿಸಬೇಕೆಂದರೆ ಕೂಲರಿನೊಳಗಿರುವ ಎಣ್ಣೆಯ ಜಾಗವನ್ನೂ ಅವನು ತುಂಬಿಸುತ್ತಿರಬೇಕು. ಅದೆಲ್ಲ ಇಳಿದ ಮೇಲೆ ಚೇಂಬರಿನಲ್ಲಿ ಅಗತ್ಯಕ್ಕಿಂತ ಬಹಳ ಹೆಚ್ಚು. ಹೆಚ್ಚಾದ ಎಣ್ಣೆಯನ್ನು ಚೇಂಬರಿನ ಮೇಲೆ ತಿರುಗುವ ಕ್ರ್ಯಾಂಕ್ ಮಜ್ಜಿಗೆಯಂತೆ ಕಡೆಯುತ್ತದೆ. ಅದು ಮಂಜಿನಂತಾಗಿ, ಎಂಜಿನ್ನಿನ ಆವಿ ಹೊರಹೋಗುವ ಬ್ರೀದರ್ ಪೈಪಿನಿಂದ ಗಾಳಿಯ ದಾರಿಗೆ ಸೇರಿ ಅಲ್ಲಿ ಮಡುಗಟ್ಟುತ್ತದೆ. ಒಂದಷ್ಟು ಸುಟ್ಟು ಹೋಗುತ್ತದೆ, ಮತ್ತೆ ಕಡಿಮೆ ಕಾಣುತ್ತದೆ, ಮತ್ತೆ ಹಾಕುತ್ತಾನೆ. ಒಂದು ದಿನ ಆ ಮಡು ಒಮ್ಮೆಲೇ ಎಂಜಿನ್ನಿಗೆ ನುಗ್ಗಿದರೆ ಎಂಜಿನ್ ತನ್ನ ಎಣ್ಣೆಯನ್ನೇ ಇಂಧನವಾಗಿ ಕುಡಿದು ಓಡುತ್ತದೆ. ಆಗ ಚಾವಿ ತೆಗೆದರೂ ನಿಲ್ಲುವುದಿಲ್ಲ. ಇದಕ್ಕೆ ರನ್‌ಅವೇ ಎನ್ನುತ್ತಾರೆ. ಇಡೀ ವೃತ್ತಿಯಲ್ಲಿ ನಾನು ಅದನ್ನು ಎರಡೇ ಸಲ ಕಂಡಿದ್ದೆ. ಎರಡು ಸಲವೂ ಎಂಜಿನ್ ಒಡೆದು ಚೂರಾಗಿತ್ತು.

"ಗಾಡಿ ಈಗ ಎಲ್ಲೈತಿ?"

"ಮಮದಾಪುರಕ್ಕ ದ್ರಾಕ್ಷಿ ತರಾಕ ಹೋಗೇತಿ."

ಅವರೇ ಫೋನ್ ಹಚ್ಚಿದರು. ಅವನು ಎತ್ತಲಿಲ್ಲ. ನನ್ನ ಫೋನಿನಿಂದ ಹಚ್ಚಿದೆ. ಎರಡನೆಯ ಸಲ ಎತ್ತಿದ.

"ಸಂಗಪ್ಪಾ, ಎಲ್ಲಿದ್ದಿ?"

"ಮಮದಾಪುರದಿಂದ ಲೋಡ್ ಮಾಡ್ಕೊಂಡು ಬಬಲೇಶ್ವರಕ್ಕ ಬರಾಕತ್ತೇನ್ರಿ. ಹೊಗಿ ಭಾಳ ಬಂತು, ಬಾಜೂಕ ನಿಲ್ಲಿಸೇನಿ. ಹಿಂದ ಹೆಣ್ಣಮಕ್ಕಳು ಕುಂತಿದ್ರು, ಇಳಿಸೇನಿ."

"ಎಂಜಿನ್ ಬಂದ್ ಮಾಡು."

ಅವನು ಬಂದ್ ಮಾಡದೆ ಕೇಳಿದ: "ಬಾಯಾರು ನಿಮ್ಮ ಬಾಜೂಕ ಅದಾರೇನ್ರಿ? ಮತ್ತೇನರ ನೋಡೂದೈತೇನು?"

ಅವನ ಅನುಮಾನಕ್ಕೆ ಉತ್ತರ ಕೊಡುವಷ್ಟರಲ್ಲಿ ಫೋನಿನೊಳಗೆ ಎಂಜಿನ್ ದನಿ ಏರತೊಡಗಿತು. ಮೊದಲು ಯಾರೋ ಆಕ್ಸಿಲರೇಟರ್ ತುಳಿದಂತೆ, ಆಮೇಲೆ ಯಾವ ಕಾಲೂ ತುಳಿಯಲಾರದಷ್ಟು. ಹೆಣ್ಣುಮಕ್ಕಳು ದೂರದಲ್ಲಿ ಒಬ್ಬರನ್ನೊಬ್ಬರು ಕೂಗುವುದು ಕೇಳಿಸಿತು.

"ಚಾವಿ ತಗದೇನ್ರಿ, ಬಂದ್ ಆಗವಲ್ದು."

"ಟಾಪ್ ಗೇರ್ ಹಾಕು. ಹ್ಯಾಂಡ್‌ಬ್ರೇಕ್ ಎಳಿ, ಬ್ರೇಕ್ ಪೂರಾ ತುಳಿ, ಆಮ್ಯಾಗ ಕ್ಲಚ್ ಒಮ್ಮೆಲೇ ಬಿಡು. ಭಾರಕ್ಕ ಎಂಜಿನ್ ನಿಲ್ತೈತಿ."

ಕಸ್ತೂರಿಬಾಯಿ ನನ್ನ ಕೈಯತ್ತ ಬಾಗಿ ಫೋನಿನಲ್ಲಿ ಹೇಳಿದರು: "ಸಂಗಪ್ಪಾ, ಗಾಡಿ ಹೋದ್ರ ಹೋಗ್ಲಿ. ನೀ ಇಳಿ."

ಅವನು ಇಳಿಯಲಿಲ್ಲ. ಅವನಿಗೆ ಆಗ ನಮ್ಮಿಬ್ಬರಲ್ಲಿ ಯಾರ ಮಾತು ಕೇಳಿಸಿತೋ ಗೊತ್ತಿಲ್ಲ. ಭಾರದ ಗಾಡಿ ಒಮ್ಮೆ ಮುಗ್ಗರಿಸಿದ ಸದ್ದು, ಪೆಟ್ಟಿಗೆಗಳು ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಫೋನ್ ಕಟ್ಟಾಗಿತ್ತು.

ನನ್ನ ಹಳೆಯ ಜೀಪಿನಲ್ಲಿ ಇಬ್ಬರೂ ಹೊರಟೆವು. ಸಾರವಾಡ ದಾಟಿ ಬಬಲೇಶ್ವರ ಮುಟ್ಟುವವರೆಗೆ ಕಸ್ತೂರಿಬಾಯಿ ಒಂದೇ ಮಾತು ಕೇಳಿದರು. "ಮುಂಜಾನೆ ನೋಡ್ರಿ ಅಂತ ನೀವ ಹೇಳಿದ್ದು ಖರೇನ?" ಖರೆ ಎಂದೆ. ಅವರು ಕಿಟಕಿಯ ಕಡೆ ತಿರುಗಿದರು.

ಸಂಗಪ್ಪ ರಸ್ತೆಯ ಬದಿಯ ಬನ್ನಿ ಗಿಡದ ಕೆಳಗೆ ಕುಳಿತಿದ್ದ. ಯಾರಿಗೂ ಪೆಟ್ಟಾಗಿರಲಿಲ್ಲ. ಅವನು ಹೇಳಿದ್ದಿಷ್ಟು: "ಹೆಚ್ಚಾದ್ರ ಏನೂ ಆಗಂಗಿಲ್ಲ ಅಂತ ತಿಳದಿದ್ನ್ರಿ. ಕಡಿಮಿ ಆಗಬಾರದು ಅನ್ನೂದ ತಲ್ಯಾಗಿತ್ತು, ಗೆರಿ ಮ್ಯಾಲ ಇನ್ನಷ್ಟ ಹಾಕ್ತಿದ್ದೆ." ಮುಂಜಾನೆಯ ಹೊತ್ತು ಎಣ್ಣೆ ಗೆರೆ ದಾಟಿ ಬಹಳ ಮೇಲಿರುತ್ತಿದ್ದುದನ್ನು ಅವನು ನೋಡಿದ್ದ. ನನಗೆ ಹೇಳಬಹುದಿತ್ತಲ್ಲ ಎಂದೆ. "ನೀವೂ ಬಾಯಾರ ಕಡೆ ಅಂತ ತಿಳದಿದ್ದೆ," ಎಂದ.

ಗಾಡಿಯನ್ನು ಎಳೆಸಿಕೊಂಡು ವಿಜಯಪುರಕ್ಕೆ ತಂದೆವು. ಎಣ್ಣೆ ಇಳಿಸಿ ಅಳೆದರೆ ಇರಬೇಕಾದದ್ದಕ್ಕಿಂತ ಒಂದೂವರೆ ಲೀಟರ್ ಹೆಚ್ಚು. ಗಾಳಿಯ ಪೈಪುಗಳಲ್ಲಿ ಮತ್ತಷ್ಟು. ಕ್ಲಚ್ ಬಿಟ್ಟು ಬೇಗ ನಿಲ್ಲಿಸಿದ್ದರಿಂದ ಎಂಜಿನ್ ಉಳಿಯಿತು. ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಮತ್ತು ಕ್ಲಚ್ ಬದಲಿಸಬೇಕಾಯಿತು. ಕೂಲರನ್ನು ಕೆಳಗಿಳಿಸಿ, ಮುಂದೆ ಕಬ್ಬಿಣದ ಜಾಳಿಗೆ ಕಟ್ಟಿ, ನಿಂತಾಗ ಎಣ್ಣೆ ಅದರಲ್ಲೇ ಉಳಿಯುವಂತೆ ಪೈಪುಗಳನ್ನು ಮೇಲಿನಿಂದ ಜೋಡಿಸಿದೆ. ಗಾಡಿ ಇವತ್ತಿಗೂ ಓಡುತ್ತಿದೆ.

ಸಂಗಪ್ಪ ಮಾತ್ರ ಅದನ್ನು ಮತ್ತೆ ಓಡಿಸಲಿಲ್ಲ. ಕಸ್ತೂರಿಬಾಯಿ ಸಾರವಾಡಕ್ಕೆ, ಅವನ ಮನೆಗೇ ಹೋಗಿ ಕರೆದರು. ನಾನೂ ಜೊತೆಗಿದ್ದೆ. ಅವನ ಹೆಂಡತಿ ಚಹಾ ಕೊಟ್ಟಳು. ಹೆಣ್ಣಾಳುಗಳ ಎದುರಿಗೆ ಕಡ್ಡಿ ಹಿಡಿದದ್ದು ತಪ್ಪಾಯಿತು ಎಂದು ಅವರು ಸುತ್ತುಬಳಸಿಲ್ಲದೆ ಹೇಳಿದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

"ನೀವು ಇನ್ನ ನೋಡಂಗಿಲ್ಲ ಅಂತ ಗೊತ್ತೈತ್ರಿ ಬಾಯಾರ," ಎಂದ. "ಆದ್ರ ಶೆಡ್ಡಿನ ಮುಂದ ಗಾಡಿ ನಿಂತ್ತಂದ್ರ ನೀವು ಬರಾಕತ್ತೀರೇನು ಅಂತ ನಾ ದಿನಾ ನೋಡ್ತೇನಿ. ಅದು ಬ್ಯಾಡ್ರಿ."

ಈಗ ಅವನು ಬಬಲೇಶ್ವರದ ಒಬ್ಬರ ಹತ್ತಿರ ಟ್ರ್ಯಾಕ್ಟರ್ ಓಡಿಸುತ್ತಾನೆ. ನನ್ನ ಕೆಲಸ ಕಲಿಸಿದ್ದು ಇಷ್ಟೇ: ಗಾಡಿಯಲ್ಲಿ ಎಣ್ಣೆ ಎಷ್ಟಿದೆ ಎಂಬುದನ್ನು ಕಡ್ಡಿ ಹೇಳುತ್ತದೆ, ಅದನ್ನು ಯಾವ ಹೊತ್ತಿನಲ್ಲಿ, ಯಾರು, ಯಾವ ಮನಸ್ಸಿನಿಂದ ಎತ್ತಿದರು ಎಂಬುದನ್ನು ಮಿಸ್ತ್ರಿಯೇ ಕೇಳಿ ತಿಳಿಯಬೇಕು. ಈಗ ಮಾಲೀಕ ಮತ್ತು ಡ್ರೈವರ್ ಇಬ್ಬರೂ ಬಂದು ಒಟ್ಟಿಗೆ ನಿಂತು ನನ್ನ ಮಾತು ಕೇಳುವವರೆಗೆ ನಾನು ಯಾವ ಗಾಡಿಯ ಬಾನೆಟ್ಟನ್ನೂ ಮುಚ್ಚಿ ಕೊಡುವುದಿಲ್ಲ.